ಧಾತು ಬರದ ಲೆಕ್ಕ ಕೇಳಿದ ಪತ್ರಕರ್ತ

1901ರಲ್ಲಿ ಲಂಡನ್ನಿನಲ್ಲಿ ‘ಪ್ರಾಸ್ಪರಸ್ ಬ್ರಿಟಿಷ್ ಇಂಡಿಯಾ’ ಎಂಬ ದಪ್ಪ ಪುಸ್ತಕವೊಂದು ಹೊರಬಂತು. ಹೆಸರು ಕೇಳಿದವರು ಇದು ಸರ್ಕಾರಿ ಹೊಗಳುಭಟರ ಬರಹ ಅಂದುಕೊಂಡಾರು. ಆದರೆ ‘ಪ್ರಾಸ್ಪರಸ್’ ಅನ್ನುವುದರ ಸುತ್ತ ಲೇಖಕ ಬೇಕೆಂದೇ ಉದ್ಧರಣ ಚಿಹ್ನೆ ಹಾಕಿಸಿದ್ದ. ಪುಸ್ತಕದ ಆರಂಭದಲ್ಲೇ ಮೂರು ಅಂಕಿಗಳಿದ್ದವು. ಭಾರತದ ಒಬ್ಬ ಮನುಷ್ಯನ ದಿನದ ಸರಾಸರಿ ಆದಾಯ 1850ರಲ್ಲಿ ಎರಡು ಪೆನ್ಸ್, 1882ರಲ್ಲಿ ಒಂದೂವರೆ ಪೆನ್ಸ್, 1900ರಲ್ಲಿ ಮುಕ್ಕಾಲು ಪೆನ್ನಿ. ಉಳಿದ ನೂರಾರು ಪುಟಗಳೆಲ್ಲ ಈ ಮೂರು ಅಂಕಿಗಳ ಬೆನ್ನಿಗೆ ನಿಂತ ಸಾಕ್ಷಿ. ಸಾಕ್ಷಿ ಹೇಳಿದವರು ಯಾವ ಬಂಡುಕೋರರೂ ಅಲ್ಲ, ಸರ್ಕಾರದ ಅಧಿಕಾರಿಗಳು. ‘ಸರ್ಕಾರಿ ದಾಖಲೆಗಳಿಂದ ಬಯಲಾದದ್ದು’ ಎಂಬ ಅರ್ಥದ ಉಪಶೀರ್ಷಿಕೆಯನ್ನೂ ಪುಸ್ತಕಕ್ಕೆ ಕೊಟ್ಟಿದ್ದ.

ಬರೆದವನು ವಿಲಿಯಂ ಡಿಗ್ಬಿ. ವೃತ್ತಿಯಲ್ಲಿ ಪತ್ರಕರ್ತ, ಪಕ್ಷದಿಂದ ಲಿಬರಲ್, ಎರಡು ಸಲ ಪಾರ್ಲಿಮೆಂಟ್ ಚುನಾವಣೆಗೆ ನಿಂತು ಎರಡು ಸಲವೂ ಸೋತವನು. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸಿನ ಇತಿಹಾಸ ಓದಿದವರಿಗೆ ಹೆಸರು ಅಷ್ಟೋ ಇಷ್ಟೋ ಗೊತ್ತಿರಬಹುದು. ಆದರೆ ಆತನಿಗೆ ಈ ಲೆಕ್ಕದ ಹುಚ್ಚು ಹಿಡಿದದ್ದು ಲಂಡನ್ನಿನ ಗ್ರಂಥಾಲಯದಲ್ಲಲ್ಲ. ಅದಕ್ಕೆ ಕಾಲು ಶತಮಾನದ ಹಿಂದೆ ಮದ್ರಾಸಿನ ಪತ್ರಿಕಾ ಕಚೇರಿಯಲ್ಲಿ ಕೂತು, ಮದ್ರಾಸ್ ಪ್ರಾಂತ್ಯ ಮತ್ತು ಮೈಸೂರು ಸೀಮೆಯ ಬರದ ವರದಿಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಾಗ. ಕೋಲಾರ, ತುಮಕೂರು, ಚಿತ್ರದುರ್ಗದ ಬಯಲುಸೀಮೆಯ ಜನ ಆಗ ಊರು ಖಾಲಿ ಮಾಡಿ ಹೊರಟಿದ್ದರು.

ಡಿಗ್ಬಿ ಹುಟ್ಟಿದ್ದು 1849ರ ಮೇ 1ರಂದು, ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಸಣ್ಣ ಪಟ್ಟಣದಲ್ಲಿ. ಶಾಲೆ ಓದಿದ್ದು ಅಷ್ಟಕ್ಕಷ್ಟೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜುಗಳ ಗಾಳಿ ಸೋಕಿದವನಲ್ಲ. ಹದಿನೈದನೆಯ ವಯಸ್ಸಿಗೆ ಊರಿನ ಪತ್ರಿಕೆಯ ಕಚೇರಿ ಸೇರಿ ಏಳು ವರ್ಷ ಅಲ್ಲೇ ಕೆಲಸ ಕಲಿತ. 1871ರಲ್ಲಿ ಹಡಗು ಹತ್ತಿ ಕೊಲಂಬೋಗೆ ಹೋಗಿ ‘ಸಿಲೋನ್ ಅಬ್ಸರ್ವರ್’ ಪತ್ರಿಕೆಯ ಉಪಸಂಪಾದಕನಾದ. ಆಗ ವಯಸ್ಸು ಇಪ್ಪತ್ತೆರಡು.

ಕೊಲಂಬೋದಲ್ಲಿ ಮಾಡಿದ ಒಂದು ಕೆಲಸ ಮುಂದಿನ ಬದುಕಿಗೆಲ್ಲ ಬುನಾದಿಯಾಯಿತು. ಅಲ್ಲಿನ ಶಾಸನಸಭೆಯ ಕಲಾಪವನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಸಂಪುಟಗಳಾಗಿ ಹೊರತಂದ. ಯಾವ ಅಧಿಕಾರಿ ಯಾವ ದಿನ ಏನು ಹೇಳಿದ, ಹೋದ ವರ್ಷ ಹೇಳಿದ್ದಕ್ಕೂ ಈ ವರ್ಷ ಹೇಳಿದ್ದಕ್ಕೂ ಎಲ್ಲಿ ತಾಳೆಯಾಗುವುದಿಲ್ಲ ಎಂಬುದೆಲ್ಲ ಬೆರಳ ತುದಿಯಲ್ಲಿ ಇರಬೇಕಾದ ಕೆಲಸ ಅದು. ಅದೇ ಕಾಲದಲ್ಲಿ ಸಿಲೋನಿನ ಆಹಾರ ಪದಾರ್ಥಗಳ ಮೇಲಿನ ತೆರಿಗೆಯ ವಿರುದ್ಧವೂ ಬರೆದ. ಬಡವನ ಅನ್ನದ ಮೇಲೆ ಸುಂಕ ಹಾಕಬಾರದು, ವ್ಯಾಪಾರ ಮುಕ್ತವಾಗಿರಬೇಕು ಎಂಬ ಪಕ್ಕಾ ಲಿಬರಲ್ ನಂಬಿಕೆ ಆತನದು. ಈ ನಂಬಿಕೆಗೆ ಇಕ್ಕಟ್ಟು ಬಂದದ್ದು ಆಮೇಲೆ.

1877ರಲ್ಲಿ ‘ಮದ್ರಾಸ್ ಟೈಮ್ಸ್’ ಸಂಪಾದಕನಾಗಿ ಡಿಗ್ಬಿ ಮದ್ರಾಸಿಗೆ ಬಂದಾಗ ಧಾತು ಸಂವತ್ಸರ ಕಳೆದು ಈಶ್ವರ ಸಂವತ್ಸರ ಶುರುವಾಗುವ ಹೊತ್ತು. ಮೈಸೂರು ಸೀಮೆಯಲ್ಲಿ 1875ರ ಮಳೆಯೇ ಸಾಲದೆ ಹೋಗಿತ್ತು, 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಆ ಬರವನ್ನು ನಮ್ಮವರು ಸಂವತ್ಸರದ ಹೆಸರಿನಿಂದಲೇ ನೆನಪಿಟ್ಟುಕೊಂಡರು. ಧಾತು ಬರ ಅಂದರೆ ಅದೇ. ವೈಸ್‌ರಾಯ್ ಲಾರ್ಡ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದಾಗ ದಕ್ಷಿಣದಲ್ಲಿ ಹೆಣ ಬೀಳತೊಡಗಿದ್ದವು.

ಚಿತ್ರದುರ್ಗದ ಬಳಿಯ ಭರಮಸಾಗರ ಆಗ ಹೇಗಿತ್ತೆಂದು ಊಹಿಸಿಕೊಳ್ಳಲು ಈಗಿನ ಹೆದ್ದಾರಿಯನ್ನೂ ಕೆರೆಗೆ ಏತ ನೀರಾವರಿಯಲ್ಲಿ ಬರುವ ತುಂಗಭದ್ರೆಯ ನೀರನ್ನೂ ಮರೆಯಬೇಕು. ದುರ್ಗದ ಪಾಳೆಯಗಾರ ಭರಮಣ್ಣನಾಯಕನ ಹೆಸರು ಹೊತ್ತ ಊರಿಗೆ ದೊಡ್ಡ ಕೆರೆ ಇದ್ದರೂ ಅದು ತುಂಬುವುದು ಮಳೆ ಬಂದರೆ ಮಾತ್ರ. ಸುತ್ತ ಎರೆ ಹೊಲ, ಕೆಂಪು ಹೊಲ. ಜೋಳ, ರಾಗಿ, ನವಣೆ, ಸಜ್ಜೆ, ಒಂದಿಷ್ಟು ಹತ್ತಿ. ಒಂದು ವರ್ಷದ ಬರವನ್ನು ನುಂಗಿಕೊಳ್ಳುವ ಏರ್ಪಾಡು ಈ ಸೀಮೆಯ ರೈತರಿಗೆ ಇದ್ದೇ ಇತ್ತು. ನೆಲದೊಳಗಿನ ಹಗೇವಿನಲ್ಲಿ ಕಾಳು ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಎರಡನೇ ವರ್ಷಕ್ಕೆ ಹಗೇವು ಬರಿದಾದಾಗ ಮನೆಯ ಸಾಮಾನು ಹೊರಬರುತ್ತದೆ. ಮೊದಲು ತಾಮ್ರ, ಹಿತ್ತಾಳೆ ಪಾತ್ರೆ, ಆಮೇಲೆ ಹೆಂಗಸರ ಮೈಮೇಲಿನ ಬೆಳ್ಳಿ. ಆ ವರ್ಷಗಳಲ್ಲಿ ಬಾಂಬೆಯ ಟಂಕಸಾಲೆಗೆ ಕರಗಿಸಲು ಬಂದ ಒಡವೆಗಳ ಪ್ರಮಾಣ ಎಷ್ಟಿತ್ತೆಂದರೆ, ರೈತನ ಸ್ಥಿತಿ ಅಳೆಯಲು ಅದೇ ಒಂದು ಮಾನದಂಡವಾಯಿತು.

ಬೇರೆ ಕಡೆಯಿಂದ ಧಾನ್ಯ ತರಿಸಬಹುದಿತ್ತಲ್ಲ? ತರಿಸಿದರು. ಸಮುದ್ರದ ಮೇಲೆ ಮದ್ರಾಸಿಗೆ ಬಂದ ಮೂಟೆಗಳು ರೈಲಿನಲ್ಲಿ ಬೆಂಗಳೂರು ತಲುಪುತ್ತಿದ್ದವು. 1864ರಿಂದಲೇ ಅಲ್ಲಿಗೆ ರೈಲಿತ್ತು. ತೊಡಕು ಶುರುವಾಗುತ್ತಿದ್ದುದೇ ಅಲ್ಲಿಂದ ಮುಂದೆ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ, ಹರಿಹರಕ್ಕೆ 1889ರಲ್ಲಿ. ಹಾಗಾಗಿ ಬೆಂಗಳೂರಿನಿಂದ ದುರ್ಗದ ಕಡೆಗೆ ಇನ್ನೂರು ಕಿಲೋಮೀಟರು ಎತ್ತಿನ ಗಾಡಿಯೇ ಗತಿ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರು ಸಾಗಿದರೆ ಹೆಚ್ಚು. ಅಂದರೆ ಎಂಟು ಹತ್ತು ದಿನದ ದಾರಿ. ದಾರಿಯುದ್ದಕ್ಕೂ ಎತ್ತಿಗೆ ಹುಲ್ಲು ಬೇಕು, ನೀರು ಬೇಕು. ಕೆರೆ ಬತ್ತಿದೆ, ಹುಲ್ಲು ಮೊದಲೇ ಮುಗಿದಿದೆ. ಎತ್ತಿನ ಮೇವನ್ನೂ ಗಾಡಿಯಲ್ಲೇ ಹೇರಿಕೊಂಡರೆ ಮೂಟೆಗೆ ಜಾಗ ಇಲ್ಲ. ಇಷ್ಟಕ್ಕೂ ಬರಕ್ಕೆ ಮನುಷ್ಯರಿಗಿಂತ ಮೊದಲು ಸತ್ತದ್ದು ದನಗಳೇ. ಗಾಡಿ ಇದ್ದವನಿಗೂ ಕಟ್ಟಲು ಎತ್ತಿರಲಿಲ್ಲ. ಬೆಂಗಳೂರಿನಲ್ಲಿ ಧಾನ್ಯ ಇದ್ದೂ ಒಳನಾಡಿನಲ್ಲಿ ಜನ ಸತ್ತದ್ದು ಹೀಗೆ.

ಕೈಲಾಗುವವರು ಮಲೆನಾಡಿನ ಕಡೆಗೆ ಗುಳೆ ಹೊರಟರು. ಕೈಲಾಗದವರು ಬೆಂಗಳೂರಿನ ದಾರಿ ಹಿಡಿದರು. 1877ರ ಅಕ್ಟೋಬರ್ 20ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕೂತ ಜನರ ಚಿತ್ರ ಅಚ್ಚು ಹಾಕಿತು. ಅದೇ ತಿಂಗಳು ‘ಗ್ರಾಫಿಕ್’ ಪತ್ರಿಕೆ ಬಳ್ಳಾರಿ ಜಿಲ್ಲೆಯಲ್ಲಿ ದಿಕ್ಕಿಲ್ಲದೆ ಉಳಿದ ಇಬ್ಬರು ಮಕ್ಕಳ ಚಿತ್ರ ತೋರಿಸಿತು. ಲಂಡನ್ನಿನ ಮನೆಗಳಿಗೆ ನಮ್ಮ ಸೀಮೆಯ ಪರಿಚಯವಾದದ್ದು ಈ ಚಿತ್ರಗಳ ಮೂಲಕ.

ಸರ್ಕಾರ ಕೈಕಟ್ಟಿ ಕೂತಿತ್ತು ಅಂದರೆ ಸುಳ್ಳಾಗುತ್ತದೆ. ಕಾಮಗಾರಿ ತೆರೆದರು, ಗಂಜಿಮನೆ ನಡೆಸಿದರು. ಜಗಳ ಇದ್ದದ್ದು ಅಳತೆಯಲ್ಲಿ. ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಮದ್ರಾಸಿಗೆ ಬಂದು, ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ ಸಾಕು ಎಂದು ಗೊತ್ತುಮಾಡಿದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಇಡೀ ದಿನ ಬಿಸಿಲಲ್ಲಿ ಜಲ್ಲಿ ಒಡೆಯುವ, ಮಣ್ಣು ಹೊರುವ ಆಳಿನ ಪಾಡು ಅದರಲ್ಲಿ ನಡೆಯಬೇಕು. ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಶ್, ಇಷ್ಟರಲ್ಲಿ ಮನುಷ್ಯ ಬದುಕಲಾರ, ಧಾನ್ಯ ಒಂದೂವರೆ ಪೌಂಡಾದರೂ ಬೇಕು, ಜತೆಗೆ ಬೇಳೆ, ತರಕಾರಿ ಇರಬೇಕು ಎಂದು ಪಟ್ಟು ಹಿಡಿದ. ಡಿಗ್ಬಿ ಕಾರ್ನಿಶ್‌ನ ಕಡೆ ನಿಂತ. ಇಬ್ಬರು ಅಧಿಕಾರಿಗಳು ಕಡತದಲ್ಲಿ ಆಡುತ್ತಿದ್ದ ಜಗಳ ಹೀಗೆ ಪತ್ರಿಕೆಗೆ ಬಂತು.

ಇಲ್ಲೇ ಆತನ ಲಿಬರಲ್ ನಂಬಿಕೆಗೆ ಇಕ್ಕಟ್ಟು. ಖಾಸಗಿ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಬೆಲೆ ಏರಿದರೆ ಧಾನ್ಯ ತಾನಾಗಿ ಅಲ್ಲಿಗೆ ಹರಿದುಬರುತ್ತದೆ ಎಂಬುದು ಲಿಟ್ಟನ್ ಸರ್ಕಾರದ ಮಂತ್ರ. ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಗುಟ್ಟಾಗಿ ಧಾನ್ಯ ಖರೀದಿ ಮಾಡಿಸಿದಾಗ ಮೇಲಿನಿಂದ ಛೀಮಾರಿ ಬಂತು. ಡಿಗ್ಬಿಯೂ ಮುಕ್ತ ವ್ಯಾಪಾರದವನೇ, ಆ ಪಂಥದವರ ಕಾಬ್ಡೆನ್ ಕ್ಲಬ್ಬಿನ ಗೌರವ ಸದಸ್ಯತ್ವ ಪಡೆದವನು. ಆದರೆ ಅನ್ನದ ಮೇಲೆ ತೆರಿಗೆ ಬೇಡ ಅನ್ನುವುದು ಒಂದು ಮಾತು, ಕೊಳ್ಳಲು ಕಾಸಿಲ್ಲದವನಿಗೆ ಮಾರುಕಟ್ಟೆಯನ್ನು ತೋರಿಸುವುದು ಇನ್ನೊಂದು ಮಾತು. ಸಿದ್ಧಾಂತವನ್ನು ಬಿಡದೆಯೇ ಆತ ಹಸಿದವರ ಪಕ್ಷ ವಹಿಸಿದ. ತರ್ಕ ಅಷ್ಟೇನೂ ಚೊಕ್ಕವಾಗಿಲ್ಲ ಅನ್ನಬಹುದು. ಆದರೆ ತರ್ಕ ಚೊಕ್ಕವಾಗಿದ್ದವರು ಆ ವರ್ಷ ಮಾಡಿದ್ದೇನು ಎಂಬುದೂ ದಾಖಲಾಗಿದೆ.

1877ರ ಆಗಸ್ಟಿನಲ್ಲಿ ಮದ್ರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿ ಲಂಡನ್ ಮತ್ತಿತರ ನಗರಗಳ ಮೇಯರುಗಳಿಗೆ ತಂತಿ ಕಳಿಸಲಾಯಿತು. ಜನ ಸಾಯುತ್ತಿದ್ದಾರೆ, ಸಹಾಯ ಮಾಡಿ ಎಂಬ ಮೊರೆ. ತನ್ನನ್ನು ಕೇಳದೆ ಇಂಗ್ಲೆಂಡಿನ ಜನರ ಮುಂದೆ ಕೈಚಾಚಿದ್ದು ಲಿಟ್ಟನ್‌ಗೆ ಸರಿಬರಲಿಲ್ಲ. ಸರ್ಕಾರ ಸೋತಿದೆ ಎಂದು ಲೋಕಕ್ಕೆ ಸಾರಿದಂತಾಯಿತಲ್ಲ! ಆದರೆ ಲಂಡನ್ನಿನ ಮೇಯರರ ಮ್ಯಾನ್ಷನ್ ಹೌಸ್‌ನಲ್ಲಿ ತೆರೆದ ನಿಧಿಗೆ ಹಣ ಹರಿದು ಬಂತು. ಒಟ್ಟು ಸುಮಾರು 8,20,000 ಪೌಂಡ್ ಕೂಡಿತು. ಮದ್ರಾಸಿನ ಕಾರ್ಯಕಾರಿ ಸಮಿತಿಯ ಗೌರವ ಕಾರ್ಯದರ್ಶಿ ಡಿಗ್ಬಿ. ಆಗ ಇಪ್ಪತ್ತೆಂಟು ವರ್ಷ. ಸುಮಾರು 120 ಸ್ಥಳೀಯ ಸಮಿತಿಗಳ ಮೂಲಕ ಹಣ ಹಳ್ಳಿಗಳಿಗೆ ಹೋಯಿತು.

ಈ ನಿಧಿಯನ್ನು ಖರ್ಚು ಮಾಡಿದ ರೀತಿ ಗಮನಿಸುವಂಥದ್ದು. ಗಂಜಿಮನೆಯನ್ನು ಸರ್ಕಾರ ನಡೆಸುತ್ತಿತ್ತು. ಅಲ್ಲಿಗೆ ಬರಲಾಗದವರನ್ನು ಈ ನಿಧಿ ಹುಡುಕಿಕೊಂಡು ಹೋಗಬೇಕಿತ್ತು. ಬೇರೆಯವರು ಬೇಯಿಸಿದ್ದನ್ನು ಮುಟ್ಟದ ಜಾತಿಯವರು, ಗೋಷಾ ಹೆಂಗಸರು, ಸಾಲಿನಲ್ಲಿ ನಿಲ್ಲಲು ಮಾನಕ್ಕೆ ಅಂಜಿ ಮನೆಯೊಳಗೇ ಬಾಗಿಲು ಹಾಕಿಕೊಂಡು ಕೂತವರು, ಅಪ್ಪ ಅಮ್ಮ ಸತ್ತ ಮಕ್ಕಳು. ಮಳೆ ಬಿದ್ದ ಮೇಲೆ ಅದರ ಕೆಲಸ ಇನ್ನೂ ಹೆಚ್ಚಿತು. ಹೊಲ ಹದವಾಗಿದ್ದರೂ ರೈತನ ಕೈಯಲ್ಲಿ ಬಿತ್ತನೆ ಬೀಜವಿಲ್ಲ, ಎತ್ತಿಲ್ಲ, ನೇಗಿಲು ಮಾರಿಯಾಗಿದೆ, ಸೂರಿನ ತೊಲೆ ಸೌದೆಯಾಗಿ ಹೋಗಿದೆ. ಬೀಜಕ್ಕಿಷ್ಟು, ಎತ್ತಿಗಿಷ್ಟು, ಮನೆಯ ಮೇಲ್ಛಾವಣಿಗಿಷ್ಟು ಎಂದು ಕೊಟ್ಟರು. ಜೀವ ಉಳಿದವನು ಮತ್ತೆ ರೈತನಾಗಬೇಕಾದರೆ ಹೊಟ್ಟೆಗೆ ಹಾಕಿದರೆ ಸಾಲದು ಎಂಬುದು ಆ ಕಾಲಕ್ಕೆ ಹೊಸ ತಿಳಿವಳಿಕೆ.

ಮೈಸೂರಿನ ಆಡಳಿತ ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಸಿ.ಬಿ. ಸಾಂಡರ್ಸ್ ಚೀಫ್ ಕಮಿಷನರ್. ಪರಿಹಾರದ ಏರ್ಪಾಡು ಎಷ್ಟು ಹದಗೆಟ್ಟಿತ್ತೆಂದರೆ 1877ರಲ್ಲಿ ಲಿಟ್ಟನ್ ಸ್ವತಃ ಬಂದು ನೋಡಿ, ಸಿ.ಎ. ಎಲಿಯಟ್ ಎಂಬ ಅಧಿಕಾರಿಯನ್ನು ಬರದ ಕಮಿಷನರ್ ಆಗಿ ನೇಮಿಸಬೇಕಾಯಿತು. ಮೈಸೂರು ಬರದ ಇತಿಹಾಸವನ್ನು ಸರ್ಕಾರಿ ವರದಿಯಾಗಿ ಬರೆದವನು ಇದೇ ಎಲಿಯಟ್. ಡಿಗ್ಬಿಯೂ 1878ರಲ್ಲೇ ‘ದಕ್ಷಿಣ ಭಾರತದಲ್ಲಿ ಬರದ ಸಮರ’ ಎಂಬರ್ಥದ ಹೆಸರಿನ ಎರಡು ಸಂಪುಟಗಳನ್ನು ಹೊರತಂದ. ಮದ್ರಾಸ್, ಬಾಂಬೆ ಪ್ರಾಂತ್ಯಗಳ ಜತೆ ಮೈಸೂರಿನ ಹೆಸರೂ ಆ ಪುಸ್ತಕದ ಶೀರ್ಷಿಕೆಯಲ್ಲೇ ಇದೆ. ಒಂದೇ ಬರದ ಬಗ್ಗೆ ಒಬ್ಬ ಅಧಿಕಾರಿ, ಒಬ್ಬ ಪತ್ರಕರ್ತ ಅದೇ ವರ್ಷ ಬರೆದ ಈ ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಆ ವರ್ಷ ಡಿಗ್ಬಿಗೆ ಸರ್ಕಾರದ ಸಿ.ಐ.ಇ. ಎಂಬ ಗೌರವ ಪದವಿ ಬಂತು, ಜೂನ್‌ನಲ್ಲಿ ಹೆಂಡತಿ ತೀರಿಕೊಂಡಳು. ಮಾರ್ಚಿನಲ್ಲಿ ಲಿಟ್ಟನ್ ಸರ್ಕಾರ ದೇಶಭಾಷಾ ಪತ್ರಿಕೆಗಳ ಬಾಯಿಕಟ್ಟುವ ಕಾಯ್ದೆ ತಂದಿತ್ತು. ಅದಕ್ಕೂ ಒಂದು ವರ್ಷ ಮೊದಲೇ ಡಿಗ್ಬಿ ಭಾರತ ಮತ್ತು ಸಿಲೋನಿನ ದೇಶೀ ಪತ್ರಿಕೆಗಳ ಕುರಿತು ‘ಕಲ್ಕತ್ತಾ ರಿವ್ಯೂ’ ಪತ್ರಿಕೆಗೆ ದೀರ್ಘ ಲೇಖನ ಬರೆದಿದ್ದ. ಇಂಗ್ಲಿಷ್ ಪತ್ರಿಕೆಗಳ ಸಂಪಾದಕರು ದೇಶಭಾಷೆಯ ಪತ್ರಿಕೆಗಳ ಕಡೆ ತಿರುಗಿಯೂ ನೋಡದ ಕಾಲ ಅದು.

1879ರಲ್ಲಿ ಊರಿಗೆ ಮರಳಿದವನು ಲಿವರ್‌ಪೂಲಿನಲ್ಲಿ ಕೆಲ ತಿಂಗಳು, ಪ್ಲಿಮತ್‌ನಲ್ಲಿ ಎರಡು ವರ್ಷ ದಿನಪತ್ರಿಕೆ ನಡೆಸಿದ. 1882ರಿಂದ ಐದು ವರ್ಷ ಲಂಡನ್ನಿನ ನ್ಯಾಷನಲ್ ಲಿಬರಲ್ ಕ್ಲಬ್ಬಿನ ಕಾರ್ಯದರ್ಶಿ. ಮಂತ್ರಿಗಳೂ ಎಂಪಿಗಳೂ ಓಡಾಡುವ ಜಾಗ, ಒಳ್ಳೆಯ ಸಂಬಳ. ಸುಮ್ಮನಿದ್ದಿದ್ದರೆ ಸುಖವಾಗಿ ಇರಬಹುದಿತ್ತು.

1885ರ ಚುನಾವಣೆಯಲ್ಲಿ ನಾರ್ತ್ ಪ್ಯಾಡಿಂಗ್ಟನ್‌ನಿಂದ ನಿಂತು ಸೋತ. ಭಾರತದ ಪ್ರಶ್ನೆಯನ್ನು ಇಂಗ್ಲೆಂಡಿನ ಮತದಾರರ ಮುಂದಿಡಲು ಆ ವರ್ಷ ಭಾರತದಿಂದ ಮೂವರು ಪ್ರತಿನಿಧಿಗಳು ಹೋಗಿದ್ದರು. ಅವರಲ್ಲಿ ಒಬ್ಬರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರ್, ಮುಂದೆ 1900ರ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದವರು. ಬ್ರಿಟಿಷ್ ಮತಪೆಟ್ಟಿಗೆಯಲ್ಲಿ ಭಾರತದ ಹಿತ ಏನಿದೆ ಎಂಬ ಬಗ್ಗೆ ಡಿಗ್ಬಿ ಪುಸ್ತಿಕೆಯನ್ನೇ ಬರೆದ. ಮತದಾರರು ಕಿವಿಗೊಡಲಿಲ್ಲ. ಐರ್ಲೆಂಡಿನ ಜಗಳವೇ ಅವರಿಗೆ ದೊಡ್ಡದಾಗಿತ್ತು.

1887ರಲ್ಲಿ ಕ್ಲಬ್ಬು ಬಿಟ್ಟು ‘ಇಂಡಿಯನ್ ಪೊಲಿಟಿಕಲ್ ಏಜೆನ್ಸಿ’ ತೆರೆದ. ಭಾರತದ ಸುದ್ದಿಯನ್ನು ಬ್ರಿಟಿಷ್ ಪತ್ರಿಕೆಗಳಿಗೂ ಎಂಪಿಗಳಿಗೂ ಮುಟ್ಟಿಸುವ ಕಚೇರಿ. ಕಾಂಗ್ರೆಸ್ ಹುಟ್ಟಿ ಆಗಿನ್ನೂ ಎರಡು ವರ್ಷ. 1889ರಲ್ಲಿ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿ ರಚನೆಯಾದಾಗ ಅದರ ಕಾರ್ಯದರ್ಶಿಯಾದ. 1890ರಿಂದ 1892ರವರೆಗೆ ಅದರ ಪತ್ರಿಕೆ ‘ಇಂಡಿಯಾ’ದ ಸಂಪಾದಕ. ಕಾಶ್ಮೀರದ ಮಹಾರಾಜ ಪ್ರತಾಪಸಿಂಗನ ಅಧಿಕಾರವನ್ನು ಸರ್ಕಾರ ಕಿತ್ತುಕೊಂಡಾಗ, ವಿಚಾರಣೆಯಿಲ್ಲದೆ ಶಿಕ್ಷೆ ಕೊಟ್ಟಿದ್ದೀರಿ ಎಂದು ಪುಸ್ತಕ ಬರೆದದ್ದೂ ಇದೇ ಅವಧಿಯಲ್ಲಿ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡು ಐವತ್ತು ವರ್ಷ ಹಿಂದಿರುಗಿಸದ ಕತೆ ಗೊತ್ತಿದ್ದ ಮೈಸೂರಿನವರಿಗೆ ಈ ವಾದ ಹೊಸದಾಗಿರಲಿಕ್ಕಿಲ್ಲ.

1892ರಲ್ಲಿ ಸೌತ್ ಇಸ್ಲಿಂಗ್ಟನ್‌ನಿಂದ ಮತ್ತೆ ನಿಂತ, ಮತ್ತೆ ಸೋತ. ಅದೇ ಚುನಾವಣೆಯಲ್ಲಿ ಪಕ್ಕದ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ದಾದಾಭಾಯಿ ನವರೋಜಿ ಬೆರಳೆಣಿಕೆಯ ಮತಗಳಿಂದ ಗೆದ್ದು ಪಾರ್ಲಿಮೆಂಟಿಗೆ ಹೋದರು. ಭಾರತದ ಪರ ಮಾತಾಡಿದ ಇಂಗ್ಲಿಷಿನವನನ್ನು ಒಪ್ಪದ ಲಂಡನ್, ಬಗಲಲ್ಲೇ ಭಾರತೀಯರೊಬ್ಬರನ್ನು ಆರಿಸಿತ್ತು.

ಡಿಗ್ಬಿಯನ್ನು ಸ್ವಾತಂತ್ರ್ಯ ಹೋರಾಟಗಾರ ಎಂದು ಕರೆದರೆ ಆತನೇ ಒಪ್ಪುತ್ತಿರಲಿಲ್ಲ. 1885ರ ಪುಸ್ತಕವೊಂದರ ಹೆಸರು ‘ಭಾರತ ಭಾರತೀಯರಿಗಾಗಿ, ಇಂಗ್ಲೆಂಡಿಗಾಗಿಯೂ’ ಎಂಬಂತಿದೆ. ಸಾಮ್ರಾಜ್ಯ ಇರಲಿ, ಆದರೆ ನೆಟ್ಟಗೆ ನಡೆಯಲಿ ಅನ್ನುವ ಪಂಥ. ಆದರೆ ಬರದ ವಿಷಯಕ್ಕೆ ಬಂದಾಗ ಮಾತು ಮೊನಚಾಗುತ್ತಿತ್ತು. ಐವತ್ತು ವರ್ಷದ ನಂತರ ಬರುವ ಇತಿಹಾಸಕಾರ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸಾಮ್ರಾಜ್ಯದ ಅತಿ ಕುಖ್ಯಾತ ಸ್ಮಾರಕ ಎಂದು ಗುರುತಿಸುವುದು ತಪ್ಪಿಸಬಹುದಾಗಿದ್ದ ಈ ಲಕ್ಷಾಂತರ ಸಾವುಗಳನ್ನೇ ಎಂದು 1901ರ ಪುಸ್ತಕದಲ್ಲಿ ಬರೆದ.

ಆ ಪುಸ್ತಕದ ಮೂರು ಅಂಕಿಗಳನ್ನು ಈಗ ಕೊಂಚ ಕೆದಕಿ ನೋಡಬೇಕು. ಮುಕ್ಕಾಲು ಪೆನ್ನಿಯನ್ನು 365ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 274 ಪೆನ್ಸ್. ಆಗ ರೂಪಾಯಿಗೆ 16 ಪೆನ್ಸ್, ಅಂದರೆ ವರ್ಷಕ್ಕೆ ಹದಿನೇಳು ರೂಪಾಯಿ. ಅದೇ 1901ರಲ್ಲಿ ವೈಸ್‌ರಾಯ್ ಕರ್ಜನ್ ಹೇಳಿದ ಸರಾಸರಿ ವರ್ಷಕ್ಕೆ ಮೂವತ್ತು ರೂಪಾಯಿ. ಇಬ್ಬರ ನಡುವೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ವ್ಯತ್ಯಾಸ. 1850ರ ಎರಡು ಪೆನ್ಸನ್ನು ಆಗಿನ ದರದಲ್ಲಿ, ಅಂದರೆ ರೂಪಾಯಿಗೆ 24 ಪೆನ್ಸಿನಂತೆ ಲೆಕ್ಕ ಹಾಕಿದರೆ ಮೂವತ್ತು ರೂಪಾಯಿ ಬರುತ್ತದೆ. ಪೆನ್ಸಿನಲ್ಲಿ ನೋಡಿದರೆ ಆದಾಯ ಮೂರರಲ್ಲಿ ಎರಡು ಪಾಲಿನ ಹತ್ತಿರ ಕುಸಿದಂತೆ ಕಾಣುತ್ತದೆ, ರೂಪಾಯಿಯಲ್ಲಿ ನೋಡಿದರೆ ಅರ್ಧಕ್ಕಿಂತ ಕಡಿಮೆ. ನಡುವೆ ಬೆಳ್ಳಿಯ ಬೆಲೆ ಬಿದ್ದು ರೂಪಾಯಿಯೇ ಸೊರಗಿತ್ತು. ಭರಮಸಾಗರದ ಸಂತೆಯಲ್ಲಿ ಜೋಳ ಕೊಳ್ಳುವವನು ಕೊಡುತ್ತಿದ್ದುದು ರೂಪಾಯಿ, ಆಣೆ, ಪೈಸೆಯೇ ಹೊರತು ಪೆನ್ಸಲ್ಲ. ಲಂಡನ್ನಿನ ಓದುಗನಿಗೆ ಮುಟ್ಟಲೆಂದು ಡಿಗ್ಬಿ ಆರಿಸಿಕೊಂಡ ನಾಣ್ಯ ಆತನ ವಾದಕ್ಕೆ ಸ್ವಲ್ಪ ಹೆಚ್ಚೇ ನೆರವಾಗಿದೆ. ಹಾಗಿದ್ದೂ ಬೆಲೆಗಳು ಇಳಿಯದ ಕಾಲದಲ್ಲಿ ಮೂವತ್ತು ರೂಪಾಯಿ ಹದಿನೇಳಾಯಿತೇ ಎಂಬ ಪ್ರಶ್ನೆಗೆ ಕರ್ಜನ್ ಉತ್ತರಿಸಲೇಬೇಕಾಯಿತು. ವೈಸ್‌ರಾಯನೊಬ್ಬ ಜನರ ತಲಾ ಆದಾಯದ ಬಗ್ಗೆ ಬಹಿರಂಗವಾಗಿ ಲೆಕ್ಕ ಒಪ್ಪಿಸುವಂತಾದದ್ದರಲ್ಲಿ ನವರೋಜಿಯವರಂತೆ ಡಿಗ್ಬಿಯ ಪಾಲೂ ಇದೆ.

ಪುಸ್ತಕಕ್ಕೆ ಎರಡನೆಯ ಸಂಪುಟ ಬರೆಯುವ ಯೋಜನೆ ಇತ್ತು, ಬರಲಿಲ್ಲ. 1904ರ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲಿ ಡಿಗ್ಬಿ ತೀರಿಕೊಂಡಾಗ ಐವತ್ತೈದು ವರ್ಷ. ಬ್ರಾಮ್ಲಿಯಲ್ಲಿ ಎರಡನೆಯ ಹೆಂಡತಿಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು.

1876–78ರ ಬರದಲ್ಲಿ ಸತ್ತವರೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಡಿಗ್ಬಿ ಹಾಕಿದ ಲೆಕ್ಕ ಒಂದು ಕೋಟಿ ಮೂರು ಲಕ್ಷ. ಜನಸಂಖ್ಯಾಶಾಸ್ತ್ರಜ್ಞ ಅರೂಪ್ ಮಹಾರತ್ನ ಅವರದು 82 ಲಕ್ಷ. ಅಮೆರಿಕದ ಮೈಕ್ ಡೇವಿಸ್ 2001ರಲ್ಲಿ ವಿಕ್ಟೋರಿಯಾ ಕಾಲದ ಬರಗಳ ಬಗ್ಗೆ ಪುಸ್ತಕ ಬರೆದಾಗ ಡಿಗ್ಬಿಯ ಹಳೆಯ ಸಂಪುಟಗಳನ್ನು ಮತ್ತೆ ಹೊರತೆಗೆದರು. ಮೈಸೂರಿನ ಮಟ್ಟಿಗೆ ಜನಗಣತಿಯ ಅಂಕಿಗಳಿವೆ. 1871ರಲ್ಲಿ 50,55,412 ಜನ ಇದ್ದರು. 1881ರಲ್ಲಿ ಉಳಿದದ್ದು 41,86,188. ಆ ವರ್ಷ ಒಡೆಯರಿಗೆ ರಾಜ್ಯ ಮರಳಿತು, ಜತೆಗೆ 80 ಲಕ್ಷ ರೂಪಾಯಿ ಬರದ ಸಾಲವೂ ಬಂತು. ಲಂಡನ್ನಿನಲ್ಲಿ ಡಿಗ್ಬಿ ‘ಇಂಡಿಯಾ’ ಪತ್ರಿಕೆ ನಡೆಸುತ್ತಿದ್ದ 1891ರಲ್ಲೂ ಎಣಿಕೆಗೆ ಸಿಕ್ಕಿದ್ದು 49,43,604, ಇಪ್ಪತ್ತು ವರ್ಷದ ಹಿಂದಿಗಿಂತ ಇನ್ನೂ ಒಂದು ಲಕ್ಷಕ್ಕೂ ಮಿಕ್ಕಿ ಕಡಿಮೆ. 1871ರ ಗೆರೆ ದಾಟಿದ್ದು 1901ರಲ್ಲಿ, ಆತನ ಪುಸ್ತಕ ಬಂದ ವರ್ಷ. ಅಷ್ಟು ಹೊತ್ತಿಗೆ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಏಳುತ್ತಿತ್ತು. ಅದು ಮುಗಿದದ್ದು 1907ರಲ್ಲಿ.